ಹಿಮದ ಕಡಿತ

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ ಬೆಟದೂರು ಎಂಬುದೊಂದು ಊರು. ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಎರೆಭೂಮಿಯ ಸೀಮೆ ಅದು. ಅಲ್ಲಿಯ ನೆಲದ ಮೇಲೆ ಹಿಮ ಬಿದ್ದುದನ್ನು ಕಂಡವರಿಲ್ಲ. ಪುಷ್ಯಮಾಸದ ನಸುಕಿನಲ್ಲಿ ಹೊಲಕ್ಕೆ ಹೋಗುವವರು ಕಂಬಳಿ ಹೊದೆದು ನಡೆಯುತ್ತಾರೆ. ಬಿಸಿಲೇರುತ್ತಿದ್ದಂತೆ ಕಂಬಳಿ ಹೆಗಲಿಗೇರುತ್ತದೆ. ಹುಬ್ಬಳ್ಳಿ-ಧಾರವಾಡದ ಅತಿ ಚಳಿಯ ರಾತ್ರಿಯಲ್ಲಿಯೂ ಉಷ್ಣಮಾನವು ಸೊನ್ನೆಯ ಸಮೀಪಕ್ಕೆ ಸುಳಿಯುವುದಿಲ್ಲ. ಅಂಥ ಊರಿನಲ್ಲಿ ಹುಟ್ಟಿ ಬೆಳೆದ ಹನುಮಂತಪ್ಪ ಕೊಪ್ಪದ ಎಂಬ ಯುವಕನು 2002ರಲ್ಲಿ ಭಾರತೀಯ ಸೇನೆಯನ್ನು ಸೇರಿ, ಮದರಾಸು ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನಲ್ಲಿ ಲ್ಯಾನ್ಸ್ ನಾಯಕನಾದನು. 2016ರ ಫೆಬ್ರುವರಿಯಲ್ಲಿ ಅವನಿದ್ದುದು ಕಾರಕೋರಂ ಪರ್ವತಗಳ ನಡುವಿನ ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 19,600 ಅಡಿ ಎತ್ತರದ ಒಂದು ಠಾಣೆಯಲ್ಲಿ.

ಫೆಬ್ರುವರಿ 3ರಂದು ಹಿಮದ ಭಾರಿ ಗೋಡೆಯೊಂದು ಕುಸಿದು ಆ ಠಾಣೆಯ ಮೇಲೆ ಬಿದ್ದಿತು. ಹತ್ತು ಮಂದಿ ಯೋಧರು ಅದರಡಿಯಲ್ಲಿ ಹೂತುಹೋದರು. ಅವರಲ್ಲಿ ಹಾಸನ ಜಿಲ್ಲೆಯ ಸುಬೇದಾರ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ ಇವರೂ ಇದ್ದರು. ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಕೊರೆಯುತ್ತ, ಮೂಸಿ ಪತ್ತೆಹಚ್ಚುವ ನಾಯಿಗಳ ನೆರವಿನಿಂದ ಶೋಧ ನಡೆಯಿತು. ಯಾರೂ ಬದುಕಿರಲಾರರೆಂದು ದೇಶವು ಆಸೆ ತೊರೆದಿದ್ದಾಗ, ಫೆಬ್ರುವರಿ 8ರಂದು ಸುಮಾರು 25 ಅಡಿ ಹಿಮದ ಕೆಳಗೆ ಹನುಮಂತಪ್ಪನು ಜೀವಂತವಾಗಿ ದೊರೆತನು. ಮರುದಿನ ಅವನನ್ನು ವಿಮಾನದಲ್ಲಿ ದೆಹಲಿಯ ಸೈನಿಕ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಫೆಬ್ರುವರಿ 11ರಂದು ಅವನು ತೀರಿಕೊಂಡನು. ಆಗ ಅವನ ವಯಸ್ಸು 33. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಅವನ ಪಾರ್ಥಿವ ಶರೀರಕ್ಕೆ ಜನಸಾಗರವೇ ಗೌರವ ಸಲ್ಲಿಸಿತು. ಅನಂತರ ಬೆಟದೂರಿನ ಮಣ್ಣಿನಲ್ಲಿ ಅಂತ್ಯಕ್ರಿಯೆ ನಡೆಯಿತು.

ಆ ದಿನಗಳಲ್ಲಿ ಆಸ್ಪತ್ರೆಯ ವೈದ್ಯರು ಹೊರಡಿಸಿದ ಪ್ರಕಟಣೆಯಲ್ಲಿ ಗಮನಿಸಬೇಕಾದ ಎರಡು ಮಾತುಗಳಿದ್ದವು. ರೋಗಿಯ ಮೈಯಲ್ಲಿ ಹಿಮಕಡಿತದ ಗಾಯಗಳಿಲ್ಲ, ಮೂಳೆಗಳೂ ಮುರಿದಿಲ್ಲ ಎಂಬುದು ಒಂದು. ತಣ್ಣಗಾದ ಅಂಗಗಳಿಗೆ ಮತ್ತೆ ಕಾವು ಬಂದು ರಕ್ತ ಹರಿಯತೊಡಗಿದಾಗ ತೊಡಕುಗಳು ತಲೆದೋರುವುದರಿಂದ ಮುಂದಿನ 24ರಿಂದ 48 ಗಂಟೆಗಳು ಬಹು ಕಠಿನವಾದವು ಎಂಬುದು ಇನ್ನೊಂದು. ಆರು ದಿನ ಹಿಮದಲ್ಲಿ ಹೂತಿದ್ದವನ ಚರ್ಮಕ್ಕೆ ಹಿಮದ ಗಾಯವಾಗಲಿಲ್ಲವೆಂದರೆ ಯಾರಿಗಾದರೂ ಆಶ್ಚರ್ಯವೆನಿಸುತ್ತದೆ. ಕಾವು ಕೊಡುವುದರಿಂದಲೇ ಅಪಾಯವುಂಟು ಎಂಬುದು ಇನ್ನೂ ವಿಚಿತ್ರವಾಗಿ ತೋರುತ್ತದೆ. ಚಳಿಯು ಮನುಷ್ಯನ ಶರೀರದ ಮೇಲೆ ಹೇಗೆ ಕೆಲಸಮಾಡುತ್ತದೆಂಬುದನ್ನು ತಿಳಿದರೆ ಮಾತ್ರ ಈ ಎರಡು ಮಾತುಗಳ ಅರ್ಥ ಬಿಡಿಸಿಕೊಳ್ಳುತ್ತದೆ.

ಮನುಷ್ಯನ ಶರೀರದ ಒಳಗಿನ ಉಷ್ಣಮಾನವು ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೃದಯ, ಮೆದುಳು, ಯಕೃತ್ತು ಮುಂತಾದ ಅವಯವಗಳು ಈ ಕಾವಿನಲ್ಲಿಯೇ ಸರಿಯಾಗಿ ಕೆಲಸಮಾಡಬಲ್ಲವು. ಅದು 35 ಡಿಗ್ರಿಗಿಂತ ಕೆಳಗಿಳಿದರೆ ಪ್ರಾಣಕ್ಕೆ ಕುತ್ತು ಆರಂಭವಾಯಿತೆಂದೇ ತಿಳಿಯಬೇಕು. ಆದುದರಿಂದ ಹೊರಗೆ ಚಳಿ ಹೆಚ್ಚಾದೊಡನೆ ಶರೀರವು ಒಂದು ನಿಷ್ಠುರವಾದ ಏರ್ಪಾಟನ್ನು ಮಾಡುತ್ತದೆ. ಕೈಕಾಲಿನ ಬೆರಳು, ಮೂಗಿನ ತುದಿ, ಕಿವಿಯ ಅಂಚು ಇವುಗಳಿಗೆ ಹೋಗುವ ರಕ್ತನಾಳಗಳು ಕಿರಿದಾಗುತ್ತವೆ. ಬಿಸಿರಕ್ತವು ಒಳಗಿನ ಅವಯವಗಳಲ್ಲಿಯೇ ಉಳಿಯುತ್ತದೆ. ಬರಗಾಲದಲ್ಲಿ ರೈತನು ಇರುವಷ್ಟು ನೀರನ್ನು ಬಾವಿಯ ಹತ್ತಿರದ ಮಡಿಗಳಿಗೆ ಹಾಯಿಸಿ ದೂರದ ಮಡಿಗಳ ಆಸೆ ಬಿಡುವಂತೆ, ಶರೀರವು ಅಂಚಿನ ಅಂಗಗಳನ್ನು ತೊರೆದು ನಡುವಿನ ಪ್ರಾಣವನ್ನು ಕಾಯುತ್ತದೆ. ಆದರೂ ಅದು ಅಂಚನ್ನು ಒಮ್ಮೆಗೇ ತೊರೆಯುವುದಿಲ್ಲ. ಬೆರಳನ್ನು ಮಂಜುಗಡ್ಡೆಯ ನೀರಿನಲ್ಲಿ ಇಟ್ಟರೆ ಮೊದಲು ಕಿರಿದಾದ ರಕ್ತನಾಳಗಳು ಕೆಲವು ನಿಮಿಷಗಳ ಮೇಲೆ ತೆರೆದುಕೊಂಡು, ಮತ್ತೆ ಕಿರಿದಾಗಿ, ಪುನಃ ತೆರೆದುಕೊಳ್ಳುತ್ತವೆ ಎಂಬುದನ್ನು ಥಾಮಸ್ ಲೂಯಿಸ್ ಎಂಬ ಬ್ರಿಟಿಷ್ ವೈದ್ಯನು 1930ರಲ್ಲಿ ವಿವರಿಸಿದನು. ಒಳಗಿನ ಕಾವು ತೀರ ಕುಗ್ಗಿದಾಗ ಈ ಔದಾರ್ಯವೂ ನಿಂತುಹೋಗುತ್ತದೆ.

ಹೀಗೆ ಚಳಿಯಿಂದಾಗುವ ಕೆಡುಕು ಎರಡು ಬಗೆ. ಇಡೀ ಶರೀರದ ಒಳಗಾವು ಇಳಿಯುವುದು ಒಂದು. ಅಂಚಿನ ಚರ್ಮ ಮಾಂಸಗಳು ಹೆಪ್ಪುಗಟ್ಟುವುದು ಇನ್ನೊಂದು. ಇಂಗ್ಲಿಷಿನವರು ಫ್ರಾಸ್ಟ್‌ಬೈಟ್ ಎಂದು ಕರೆಯುವ ಈ ಎರಡನೆಯದನ್ನೇ ಕನ್ನಡದಲ್ಲಿ ಹಿಮಕಡಿತವೆನ್ನುವುದು. ಇವೆರಡೂ ಅನೇಕ ವೇಳೆ ಜೊತೆಯಾಗಿಯೇ ಬರುತ್ತವೆ. ಆದರೆ ಬರಲೇಬೇಕೆಂಬ ನಿಯಮವಿಲ್ಲ. ಹಿಮದ ರಾಶಿಯೊಳಗೆ ಗಾಳಿ ಬೀಸುವುದಿಲ್ಲ. ಹಿಮದ ಹರಳುಗಳ ನಡುವೆ ಸಿಕ್ಕಿಕೊಂಡ ಗಾಳಿಯು ಒಳಗಿನ ಕಾವನ್ನು ಬೇಗನೆ ಹೊರಬಿಡುವುದಿಲ್ಲ. ದಪ್ಪ ಉಡುಪಿನಲ್ಲಿ, ಗಾಳಿಯ ಪೊಳ್ಳೊಂದರ ಆಸರೆಯಲ್ಲಿ ಸಿಕ್ಕಿಬಿದ್ದಿದ್ದ ಹನುಮಂತಪ್ಪನ ಚರ್ಮವು ಉಳಿದುದು ಬಹುಶಃ ಈ ಕಾರಣದಿಂದಲೇ. ಆದರೆ ಆರು ದಿನಗಳ ಚಳಿ, ನೀರಡಿಕೆ, ಪ್ರಾಣವಾಯುವಿನ ಕೊರತೆಗಳು ಒಳಗಿನ ಅವಯವಗಳನ್ನು ಸೋಲಿಸಿದ್ದವು. ತೆರೆದ ಬಯಲಿನಲ್ಲಿ ಕೈಗವಸು ಕಳಚಿ ಕೆಲಸಮಾಡುವ ಸೈನಿಕನಿಗೆ ಇದಕ್ಕೆ ವಿರುದ್ಧವಾದುದು ಸಂಭವಿಸಬಹುದು: ಒಳಗಾವು ಸರಿಯಾಗಿಯೇ ಇದ್ದು ಬೆರಳುಗಳು ಮಾತ್ರ ಹೆಪ್ಪುಗಟ್ಟಬಹುದು.

ಚರ್ಮದ ಉಷ್ಣಮಾನವು ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗಿಳಿದಾಗ ಅದರೊಳಗಿನ ನೀರು ಹೆಪ್ಪುಗಟ್ಟಲು ಮೊದಲಾಗುತ್ತದೆ. ಮೊದಲು ಹೆಪ್ಪುಗಟ್ಟುವುದು ಜೀವಕೋಶಗಳ ಹೊರಗಿರುವ ನೀರು. ಆ ನೀರು ಹರಳಾದಂತೆ ಉಳಿದ ದ್ರವದಲ್ಲಿ ಉಪ್ಪಿನ ಪ್ರಮಾಣ ಹೆಚ್ಚುತ್ತದೆ. ಉಪ್ಪಿನಕಾಯಿಗೆ ಉಪ್ಪು ಹಾಕಿದಾಗ ಮಾವಿನ ಹೋಳು ನೀರು ಬಿಟ್ಟು ಮುದುಡುವುದಷ್ಟೆ. ಅದೇ ರೀತಿಯಲ್ಲಿ ಜೀವಕೋಶಗಳು ನೀರು ಕಳೆದುಕೊಂಡು ಬತ್ತುತ್ತವೆ. ರಕ್ತನಾಳಗಳ ಒಳಪದರಕ್ಕೂ ಪೆಟ್ಟು ಬೀಳುತ್ತದೆ. ಈ ಪೆಟ್ಟಿನ ಪರಿಣಾಮವು ಹೆಪ್ಪುಗಟ್ಟಿರುವಾಗ ಕಾಣುವುದಿಲ್ಲ. ಹೆಪ್ಪು ಕರಗಿ ರಕ್ತ ಮರಳಿ ಹರಿಯಲು ತೊಡಗಿದಾಗ ಹಾಳಾದ ನಾಳಗಳಲ್ಲಿ ರಕ್ತವು ಸಣ್ಣ ಸಣ್ಣ ಗರಣೆಗಳಾಗಿ ನಿಲ್ಲುತ್ತದೆ, ಬಾವು ಬರುತ್ತದೆ, ರಕ್ತ ದೊರೆಯದ ಮಾಂಸ ಸಾಯುತ್ತದೆ. ಒಳಗಾವು ಇಳಿದ ಶರೀರದಲ್ಲಿ ಬೇರೊಂದು ಗಂಡಾಂತರವಿದೆ. ಅಲ್ಲಿ ಕೈಕಾಲುಗಳಲ್ಲಿ ನಿಂತಿದ್ದ ತಣ್ಣನೆಯ ರಕ್ತವು ಒಮ್ಮೆಗೇ ಹೃದಯಕ್ಕೆ ಮರಳಿ ಅದರ ಬಡಿತವನ್ನು ಕೆಡಿಸಬಹುದು. ದೆಹಲಿಯ ವೈದ್ಯರು ಮುಂದಿನ 48 ಗಂಟೆಗಳನ್ನು ಕುರಿತು ಆತಂಕಪಟ್ಟದ್ದು ಸುಮ್ಮನೆ ಅಲ್ಲ.

ಬೆಂಕಿಯ ಗಾಯಕ್ಕೂ ಹಿಮದ ಗಾಯಕ್ಕೂ ಮುಖ್ಯವಾದ ವ್ಯತ್ಯಾಸವೊಂದಿದೆ. ಬೆಂಕಿ ತಗುಲಿದ ಕ್ಷಣವೇ ನೋವು ಚುರುಕ್ಕೆನ್ನುತ್ತದೆ. ಬುದ್ಧಿ ಯೋಚಿಸುವ ಮೊದಲೇ ಕೈ ಹಿಂದಕ್ಕೆ ಬರುತ್ತದೆ. ಚಳಿಯು ಮೊದಲು ನೋಯಿಸುತ್ತದೆ, ಅನಂತರ ನೋವನ್ನೇ ನಿಲ್ಲಿಸಿಬಿಡುತ್ತದೆ. ಚರ್ಮದ ಉಷ್ಣಮಾನವು ಸುಮಾರು 10 ಡಿಗ್ರಿಗಿಂತ ಕೆಳಗಿಳಿದರೆ ಸ್ಪರ್ಶಜ್ಞಾನವು ಕುಂದುತ್ತದೆ. ಚಳಿಯಿಂದ ನೋಯುತ್ತಿದ್ದ ಬೆರಳು ತಾನಾಗಿಯೇ ನೋವು ಬಿಟ್ಟಾಗ ಮನುಷ್ಯನಿಗೆ ಹಾಯೆನಿಸುತ್ತದೆ. ಬೆರಳು ಚಳಿಗೆ ಒಗ್ಗಿತೆಂದು ಅವನು ಭಾವಿಸುತ್ತಾನೆ. ನಿಜವಾಗಿ ಅದೇ ಅಪಾಯದ ಘಳಿಗೆ. ಹಿಮದ ನಾಡಿನಲ್ಲಿ ಬೆರಳು ಕಳೆದುಕೊಂಡವರಲ್ಲಿ ಎಷ್ಟೋ ಮಂದಿಗೆ ಅದು ಹೆಪ್ಪುಗಟ್ಟಿದ ಹೊತ್ತು ಗೊತ್ತಿರುವುದಿಲ್ಲ. ಗುಡಾರಕ್ಕೆ ಬಂದು ಬೂಟು ಕಳಚಿದಾಗಲೇ ಅವರಿಗೆ ಸಂಗತಿ ತಿಳಿಯುವುದು.

ಹಾಗಾದರೆ ಅದನ್ನು ಗುರುತಿಸುವುದು ಹೇಗೆ? ಆರಂಭದಲ್ಲಿ ಚರ್ಮವು ಬಿಳಿಚಿಕೊಂಡು ಜುಮುಗುಟ್ಟಿ ಮರಗಟ್ಟುತ್ತದೆ. ಒತ್ತಿದರೆ ಇನ್ನೂ ಮೆತ್ತಗಿರುತ್ತದೆ. ಈ ಹಂತದಲ್ಲಿಯೇ ಬೆಚ್ಚಗೆ ಮಾಡಿದರೆ ಯಾವ ಕಲೆಯೂ ಉಳಿಯದೆ ವಾಸಿಯಾಗುತ್ತದೆ. ಇದನ್ನು ಅಲಕ್ಷಿಸಿದರೆ ಚರ್ಮವು ಮೇಣದ ಬೊಂಬೆಯ ಮೈಯಂತೆ ಕಾಣತೊಡಗುತ್ತದೆ; ಮೇಲೆ ಗಟ್ಟಿ, ಒತ್ತಿದರೆ ಒಳಗೆ ಮೆದು. ಕಾವು ಕೊಟ್ಟ ಒಂದು ದಿನದೊಳಗಾಗಿ ಅಲ್ಲಿ ತಿಳಿನೀರು ತುಂಬಿದ ಗುಳ್ಳೆಗಳು ಏಳುತ್ತವೆ. ಇನ್ನೂ ಆಳಕ್ಕೆ ಹೋದ ಹಿಮಕಡಿತದಲ್ಲಿ ಇಡೀ ಬೆರಳು ಕಟ್ಟಿಗೆಯ ತುಂಡಿನಂತಾಗುತ್ತದೆ, ತಟ್ಟಿದರೆ ಸದ್ದಾಗುವಷ್ಟು ಗಟ್ಟಿ. ಆ ಮೇಲೆ ಏಳುವ ಗುಳ್ಳೆಗಳಲ್ಲಿ ರಕ್ತ ಬೆರೆತಿರುತ್ತದೆ. ದಿನ ಕಳೆದಂತೆ ಆ ಭಾಗವು ಕಪ್ಪಾಗಿ ಒಣಗುತ್ತದೆ.

ವೈದ್ಯಗ್ರಂಥಗಳಲ್ಲಿ ಈ ಲಕ್ಷಣಗಳನ್ನು ಬಹುಮಟ್ಟಿಗೆ ಬಿಳಿಯ ಮೈಬಣ್ಣದವರನ್ನು ನೋಡಿ ಬರೆದಿದ್ದಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಪ್ಪು ಅಥವಾ ಗೋಧಿಬಣ್ಣದ ಚರ್ಮದಲ್ಲಿ ಬಿಳಿಚುವಿಕೆಯೂ ಕೆಂಪೇರುವಿಕೆಯೂ ಅಷ್ಟು ಸ್ಪಷ್ಟವಾಗಿ ಕಾಣವು. ಅಲ್ಲಿ ಬೂದಿ ಬಳಿದಂಥ ಕಳೆಗೆಟ್ಟ ಬಣ್ಣ, ಮೇಣದ ಹೊಳಪು ಇವನ್ನು ಹುಡುಕಬೇಕು. ಕಣ್ಣಿಗಿಂತ ಹೆಚ್ಚಾಗಿ ಕೈಯನ್ನು ನಂಬಬೇಕು: ಮುಟ್ಟಿದಾಗ ಒಂದು ಬೆರಳು ಉಳಿದ ಬೆರಳುಗಳಿಗಿಂತ ಗಟ್ಟಿಯಾಗಿ, ತಣ್ಣಗೆ ಇದೆಯೆ? ಮುಟ್ಟಿದ್ದು ಅವನಿಗೆ ತಿಳಿಯಿತೆ? ದಕ್ಷಿಣ ಭಾರತದಿಂದ ಹಿಮಾಲಯಕ್ಕೆ ಹೋಗುವವರಿಗೆ ಇದು ಸಣ್ಣ ಮಾತಲ್ಲ.

ಚಳಿಯ ಪ್ರಮಾಣವನ್ನು ಉಷ್ಣಮಾಪಕವೊಂದೇ ಹೇಳಲಾರದು. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು 1940ರ ಹೊತ್ತಿಗೆ ಅಂಟಾರ್ಕ್ಟಿಕಾದಲ್ಲಿ ನೀರು ತುಂಬಿದ ಸಣ್ಣ ಕೊಳವೆಯನ್ನು ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕಾಗುತ್ತದೆಂದು ಅಳೆದರು. ಗಾಳಿ ಜೋರಾದಷ್ಟೂ ನೀರು ಬೇಗ ಹೆಪ್ಪುಗಟ್ಟಿತು. ಮೈಯನ್ನು ಸುತ್ತಿಕೊಂಡಿರುವ ಬಿಸಿಗಾಳಿಯ ತೆಳುಪದರವನ್ನು ಬೀಸುಗಾಳಿ ಕ್ಷಣಕ್ಷಣಕ್ಕೂ ಕಿತ್ತೊಯ್ಯುತ್ತದೆ. ಮೈನಸ್ 10 ಡಿಗ್ರಿಯ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರು ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಹೆಚ್ಚುಕಡಿಮೆ ಮೈನಸ್ 20 ಡಿಗ್ರಿಯಂತೆ ಆಗುತ್ತದೆ. ನೀರು ಗಾಳಿಗಿಂತ ದೊಡ್ಡ ಶತ್ರು. ನಿಂತ ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗನೆ ಅದು ಮೈಕಾವನ್ನು ಹೀರುತ್ತದೆ. ಲೋಹವಂತೂ ಮುಟ್ಟಿದೊಡನೆಯೇ ಕಾವನ್ನು ಸೆಳೆದುಕೊಳ್ಳುತ್ತದೆ. ಸಿಯಾಚಿನ್ನಿನಲ್ಲಿ ಬಂದೂಕಿನ ನಳಿಗೆಯನ್ನು ಬರಿಗೈಯಿಂದ ಹಿಡಿಯಕೂಡದು. ಹಿಡಿದರೆ ಚರ್ಮವು ಅದಕ್ಕೇ ಅಂಟಿಕೊಳ್ಳುತ್ತದೆ.

ಹಿಮಕಡಿತದ ಚಿಕಿತ್ಸೆಯ ಇತಿಹಾಸವು ಮನುಷ್ಯನ ತರ್ಕಶಕ್ತಿಗೆ ಒಂದು ಒಳ್ಳೆಯ ಪಾಠವಾಗಿದೆ. 1812ರಲ್ಲಿ ನೆಪೋಲಿಯನ್ನನ ಮಹಾಸೈನ್ಯವು ರಷ್ಯದಿಂದ ಹಿಮ್ಮೆಟ್ಟುವಾಗ ಸಾವಿರಾರು ಸೈನಿಕರ ಕೈಕಾಲುಗಳು ಹೆಪ್ಪುಗಟ್ಟಿದವು. ಆ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯನಾದ ಡೊಮಿನಿಕ್ ಲಾರೆಯು ಒಂದು ಸಂಗತಿಯನ್ನು ಕಣ್ಣಾರೆ ಕಂಡನು. ರಾತ್ರಿ ಬೆಂಕಿಯ ಮುಂದೆ ಕಾಲು ಕಾಯಿಸಿಕೊಂಡ ಸೈನಿಕರ ಕಾಲುಗಳು ಕೊಳೆತುಹೋಗುತ್ತಿದ್ದವು. ಆದುದರಿಂದ ಕಾವೇ ಕೆಡುಕೆಂದು ತಿಳಿದು, ಹೆಪ್ಪುಗಟ್ಟಿದ ಅಂಗವನ್ನು ಹಿಮದಿಂದಲೇ ತಿಕ್ಕಬೇಕೆಂದು ಅವನು ಉಪದೇಶಿಸಿದನು. ಲಾರೆಯು ಕಂಡದ್ದು ನಿಜ. ಅದರಿಂದ ಅವನು ಊಹಿಸಿದ್ದು ಮಾತ್ರ ತಪ್ಪು. ಮರಗಟ್ಟಿದ ಕಾಲಿಗೆ ಬೆಂಕಿಯ ಬಿಸಿ ತಿಳಿಯದಿದ್ದುದರಿಂದ ಅದು ಸುಟ್ಟುಹೋಗುತ್ತಿತ್ತು. ರಾತ್ರಿ ಕರಗಿದ ಕಾಲು ಮರುದಿನದ ನಡಿಗೆಯಲ್ಲಿ ಮತ್ತೆ ಹೆಪ್ಪುಗಟ್ಟುತ್ತಿತ್ತು. ಹೀಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ಅಂಗಕ್ಕೆ ಆಗುವ ಹಾನಿ ಮೊದಲಿನದಕ್ಕಿಂತ ಎಷ್ಟೋ ಹೆಚ್ಚು. ಆದರೆ ದೊಡ್ಡ ವೈದ್ಯನ ಮಾತೆಂಬ ಗೌರವದಿಂದ ಹಿಮದಿಂದ ತಿಕ್ಕುವ ಪದ್ಧತಿಯು ನೂರು ವರ್ಷಗಳಿಗೂ ಮಿಕ್ಕಿ ಉಳಿಯಿತು. ತಿಕ್ಕಿದಾಗ ಒಳಗಿನ ಹಿಮದ ಹರಳುಗಳು ಮಾಂಸವನ್ನು ಕೊಯ್ಯುತ್ತವೆ, ಮೇಲಿನ ಚರ್ಮ ಸುಲಿಯುತ್ತದೆ. ಲಾಭವಂತೂ ಏನೂ ಇಲ್ಲ. ಅಲಾಸ್ಕಾದ ವೈದ್ಯನಾದ ವಿಲಿಯಂ ಮಿಲ್ಸ್ ಮತ್ತು ಅವನ ಸಂಗಡಿಗರು 1960ರ ಸುಮಾರಿಗೆ ತಮ್ಮ ರೋಗಿಗಳ ಅನುಭವದಿಂದ, ಹದವಾದ ಬಿಸಿನೀರಿನಲ್ಲಿ ಬೇಗನೆ ಕರಗಿಸುವುದೇ ಅಂಗವನ್ನು ಉಳಿಸುವ ಮಾರ್ಗವೆಂದು ತೋರಿಸಿಕೊಟ್ಟರು. ಇಂದಿನ ಚಿಕಿತ್ಸೆಗೆ ಅದೇ ತಳಹದಿ.

ಈ ಚಿಕಿತ್ಸೆಯ ಜೀವಾಳವಿರುವುದು ಹದದಲ್ಲಿ. ನೀರು 37ರಿಂದ 39 ಡಿಗ್ರಿಯಷ್ಟಿರಬೇಕು. ಎಳೆಗೂಸಿಗೆ ನೀರೆರೆಯುವ ಹಿರಿಯ ಹೆಂಗಸರು ಮೊಣಕೈ ಅದ್ದಿ ನೋಡುವ ಹದವು ಇದಕ್ಕೆ ಬಹು ಸಮೀಪ. ಹೆಪ್ಪುಗಟ್ಟಿದ ಕೈಯಿಂದ ಬಿಸಿಯನ್ನು ಪರೀಕ್ಷಿಸಬಾರದು. ಅದಕ್ಕೆ ಏನೂ ತಿಳಿಯದು. ಉಷ್ಣಮಾಪಕವಿಲ್ಲದಿದ್ದರೆ ಬೇರೊಬ್ಬರು ತಮ್ಮ ಮೊಣಕೈಯಿಂದ ನೋಡಬೇಕು. ನೀರು ಆರುತ್ತಿದ್ದಂತೆ ಅಂಗವನ್ನು ಹೊರತೆಗೆದು, ಬಿಸಿನೀರು ಬೆರಸಿ, ಹದ ನೋಡಿ ಮತ್ತೆ ಅದ್ದಬೇಕು. ಚರ್ಮವು ಮೆತ್ತಗಾಗಿ ಕೆಂಪು ಅಥವಾ ನೇರಿಳೆ ಬಣ್ಣಕ್ಕೆ ತಿರುಗುವವರೆಗೆ ಇದನ್ನು ಮಾಡಬೇಕು. ಸಾಮಾನ್ಯವಾಗಿ ಅರ್ಧಗಂಟೆಯೊಳಗೆ ಅದು ಮುಗಿಯುತ್ತದೆ. ಆಗ ತಡೆಯಲಾರದಂಥ ನೋವು ಬರುತ್ತದೆ. ಸಂವೇದನೆ ಮರಳುತ್ತಿದೆಯೆಂಬುದರ ಗುರುತಾದರೂ ಅದಕ್ಕೆ ನೋವುನಿವಾರಕ ಔಷಧ ಬೇಕಾಗುತ್ತದೆ. ಬಾವು ಬರುವ ಮೊದಲೇ ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದುಬಿಡಬೇಕು. ಬೆರಳುಗಳ ನಡುವೆ ಶುದ್ಧವಾದ ಹತ್ತಿಬಟ್ಟೆಯಿಟ್ಟು ಸಡಿಲವಾಗಿ ಸುತ್ತಬೇಕು. ಗುಳ್ಳೆಗಳನ್ನು ಒಡೆಯಕೂಡದು. ಧನುರ್ವಾಯು ಬಾರದಂತೆ ಚುಚ್ಚುಮದ್ದು ಹಾಕಿಸಬೇಕು.

ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಕರಗಿಸಿದ ಅಂಗವನ್ನು ಬೆಚ್ಚಗೆ ಉಳಿಸಲು ಸಾಧ್ಯವೆ? ದಾರಿ ಇನ್ನೂ ದೂರವಿದ್ದು, ಅಂಗವು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಅದನ್ನು ಕರಗಿಸದಿರುವುದೇ ಮೇಲು. ಹೆಪ್ಪುಗಟ್ಟಿದ ಕಾಲಿನ ಮೇಲೆ ಕೆಲವು ಮೈಲಿ ನಡೆದು ಆಸರೆ ಸೇರಿದವನ ಕಾಲು ಉಳಿಯಬಹುದು. ನಡುದಾರಿಯಲ್ಲಿ ಕರಗಿಸಿ ಮತ್ತೆ ನಡೆದವನ ಕಾಲು ಉಳಿಯುವುದು ಕಷ್ಟ. ಕೇಳಲು ಕ್ರೂರವೆನಿಸಿದರೂ ಪರ್ವತಾರೋಹಿಗಳು ಈ ನಿಯಮವನ್ನು ಬಿಡುವುದಿಲ್ಲ. ರೋಗಿಯು ನಡುಕ ನಿಂತು, ಮಾತು ತೊದಲಿ, ಮಂಪರಿನಲ್ಲಿದ್ದರೆ ಒಳಗಾವು ಇಳಿದಿದೆಯೆಂದು ತಿಳಿದು ಮೊದಲು ಎದೆ ಹೊಟ್ಟೆಗಳನ್ನು ಬೆಚ್ಚಗೆ ಮಾಡಬೇಕು. ಬೆರಳುಗಳ ಆರೈಕೆ ಅನಂತರದ್ದು. ಮೈ ಬೆಚ್ಚಗಾಗಲೆಂದು ಮದ್ಯ ಕೊಡುವ ಹಳೆಯ ರೂಢಿ ತೀರ ಅಪಾಯಕರ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಾವನ್ನು ಹೊರಚೆಲ್ಲುತ್ತದೆ. ಬಿಸಿಯಾದಂತೆ ತೋರುವುದು ಕಾವು ಸೋರುತ್ತಿರುವುದರ ಅನುಭವ ಮಾತ್ರ. ಬೀಡಿ ಸಿಗರೇಟುಗಳು ಬೆರಳಿನ ನಾಳಗಳನ್ನು ಇನ್ನಷ್ಟು ಕಿರಿದಾಗಿಸುತ್ತವೆ.

ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನು ಕಪ್ಪಾದ ಬೆರಳನ್ನು ಕಂಡು ಕೂಡಲೇ ಕತ್ತರಿಸಲು ಮುಂದಾಗುವುದಿಲ್ಲ. ಸತ್ತ ಮಾಂಸಕ್ಕೂ ಜೀವಂತ ಮಾಂಸಕ್ಕೂ ನಡುವಣ ಗೆರೆ ಸ್ಪಷ್ಟವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ನಂಜು ಏರದಿದ್ದರೆ ಅಷ್ಟು ಕಾಲ ಕಾಯುತ್ತಾರೆ. ಕಾದುದರಿಂದ ಉಳಿದ ಬೆರಳುಗಳು ಎಷ್ಟೋ ಇವೆ. ರಕ್ತನಾಳಗಳನ್ನು ಹಿಗ್ಗಿಸುವ ಐಲೋಪ್ರಾಸ್ಟ್ ಎಂಬ ಔಷಧವನ್ನು ತೀವ್ರ ಹಿಮಕಡಿತಕ್ಕೆ ಬಳಸಲು ಅಮೆರಿಕ 2024ರಲ್ಲಿ ಅನುಮತಿ ನೀಡಿತು. ಇನ್ನೊಂದು ಔಷಧವು ಧಾರವಾಡದ ಹಿತ್ತಿಲುಗಳಲ್ಲಿ ಎಲ್ಲರೂ ಕಂಡ ಲೋಳೆಸರ. ಅದರ ತಿರುಳಿನಿಂದ ತಯಾರಿಸಿದ ಲೇಪವನ್ನು ಹಿಮಕಡಿತದ ಗಾಯಗಳ ಮೇಲೆ ಹಚ್ಚುತ್ತಾರೆ. ಭಾರತದ ರಕ್ಷಣಾ ಸಂಶೋಧನಾ ಸಂಸ್ಥೆಯು ಲೋಳೆಸರದಿಂದಲೇ ಸಿದ್ಧಪಡಿಸಿದ ಮುಲಾಮನ್ನು ಹಿಮಪ್ರದೇಶದ ಸೈನಿಕರು ಬಳಸುತ್ತಾರೆ.

ಹಿಮಕಡಿತವನ್ನು ತಡೆಯುವ ವಿದ್ಯೆಯಲ್ಲಿ ಉಡುಪಿಗೆ ಮೊದಲ ಸ್ಥಾನ. 1962ರ ಯುದ್ಧದಲ್ಲಿ ಹತ್ತಿಯ ಸಮವಸ್ತ್ರ, ಕ್ಯಾನ್‌ವಾಸ್ ಬೂಟುಗಳನ್ನು ತೊಟ್ಟು ಹಿಮಾಲಯದ ಎತ್ತರಗಳಿಗೆ ಹೋದ ಭಾರತೀಯ ಸೈನಿಕರು ಶತ್ರುವಿನೊಡನೆ ಚಳಿಯೊಡನೆಯೂ ಹೋರಾಡಬೇಕಾಯಿತು. ಭಾರತದ ಸೈನ್ಯವು 1984ರ ಏಪ್ರಿಲ್ 13ರಂದು ಸಿಯಾಚಿನ್ನಿಗೆ ಕಾಲಿಟ್ಟ ಬಳಿಕ ಚಳಿಯ ಉಡುಪು ಒಂದು ಶಾಸ್ತ್ರವೇ ಆಗಿ ಬೆಳೆಯಿತು. ಅದರ ತತ್ತ್ವವಾದರೋ ಉತ್ತರ ಕರ್ನಾಟಕದ ಮನೆಮನೆಯ ಕೌದಿಯಲ್ಲಿದೆ. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹೊಲಿದ ಕೌದಿಯು ಅಷ್ಟೇ ದಪ್ಪದ ಒಂದೇ ಬಟ್ಟೆಗಿಂತ ಬೆಚ್ಚಗಿರುವುದು ಪದರಗಳ ನಡುವೆ ಸಿಕ್ಕ ಗಾಳಿಯಿಂದ. ಸೈನಿಕನ ಮೈಮೇಲೆಯೂ ಹೀಗೆಯೇ ಪದರಗಳಿರುತ್ತವೆ: ಬೆವರನ್ನು ಹೊರದೂಡುವ ಒಳಪದರ, ಗಾಳಿಯನ್ನು ಹಿಡಿದಿಡುವ ನಡುಪದರ, ಬೀಸುಗಾಳಿಯನ್ನು ತಡೆಯುವ ಹೊರಪದರ. ಒದ್ದೆಯಾದ ಹತ್ತಿ ಮೈಕಾವನ್ನು ಹೀರುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿರುತ್ತದೆ. ಕುರುಬರ ಕರಿಕಂಬಳಿಯನ್ನು ಮಳೆಯಲ್ಲಿಯೂ ಹೊದೆಯುವುದರ ಗುಟ್ಟು ಇದೇ. ಬೂಟು ಬಿಗಿಯಾಗಿರಬಾರದು. ಎರಡು ಜೊತೆ ಕಾಲುಚೀಲ ತೊಟ್ಟು ಬೂಟಿನೊಳಗೆ ಕಾಲು ತುರುಕಿದವನ ಬೆರಳುಗಳಿಗೆ ರಕ್ತವೇ ಹರಿಯದೆ, ಒಂದೇ ಜೊತೆ ತೊಟ್ಟವನಿಗಿಂತ ಮೊದಲು ಅವನ ಬೆರಳು ಹೆಪ್ಪುಗಟ್ಟುತ್ತದೆ.

ಹೆಪ್ಪುಗಟ್ಟದೆಯೂ ಚಳಿ ಕಾಲನ್ನು ಕೆಡಿಸಬಲ್ಲದು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳ ತಣ್ಣೀರು ಕೆಸರಿನಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದಗಳು ಬಾತು, ಮರಗಟ್ಟಿ, ಕೊಳೆಯುತ್ತಿದ್ದವು. 1914ರ ಚಳಿಗಾಲದಲ್ಲಿ ಭಾರತದಿಂದ ಹೋದ ಸಿಪಾಯಿಗಳೂ ಆ ಕಂದಕಗಳಲ್ಲಿದ್ದರು. ಔಷಧಕ್ಕಿಂತ ಹೆಚ್ಚಾಗಿ ಅಲ್ಲಿ ಫಲ ಕೊಟ್ಟದ್ದು ಒಂದು ಸರಳ ಕ್ರಮ: ದಿನವೂ ಒಣಗಿದ ಕಾಲುಚೀಲ ಬದಲಾಯಿಸುವುದು, ಸೈನಿಕರು ಜೋಡಿಯಾಗಿ ಒಬ್ಬರ ಪಾದವನ್ನು ಇನ್ನೊಬ್ಬರು ಪರೀಕ್ಷಿಸುವುದು. ತನ್ನ ಮೂಗಿನ ತುದಿ ಬಿಳಿಚಿದ್ದು ತನಗೆ ಕಾಣದು, ಮರಗಟ್ಟಿದ್ದರಿಂದ ತಿಳಿಯುವುದೂ ಇಲ್ಲ. ಆದುದರಿಂದ ಹಿಮದ ನಾಡಿನಲ್ಲಿ ಎದುರಿಗಿರುವವನ ಮುಖವನ್ನು ಆಗಾಗ ನೋಡುತ್ತಿರುವುದು ಪ್ರತಿಯೊಬ್ಬನ ಕರ್ತವ್ಯವೆನಿಸಿದೆ. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಅನೇಕ ಮನೆಗಳ ಮಕ್ಕಳು ಇಂದಿಗೂ ಇಂಥ ಎತ್ತರಗಳಲ್ಲಿ ಕಾವಲಿದ್ದಾರೆ.

ಹಿಮವೇ ಬೀಳದ ಹುಬ್ಬಳ್ಳಿ-ಧಾರವಾಡದಲ್ಲಿ ಹಿಮಕಡಿತದ ಭಯವಿಲ್ಲವೆಂದು ತಿಳಿಯುವುದು ಸರಿಯಲ್ಲ. ಚಳಿಗಾಲದಲ್ಲಿ ಹಿಮ್ಮಡಿ ಒಡೆಯುವುದು, ತುಟಿ ಬಿರಿಯುವುದು ಇವು ಒಣಹವೆಯಿಂದಾಗುವ ಸಣ್ಣ ಉಪದ್ರವಗಳು. ಅವಕ್ಕೂ ಹಿಮಕಡಿತಕ್ಕೂ ಸಂಬಂಧವಿಲ್ಲ. ಆದರೆ ಕಡುಚಳಿಯು ಬೇರೆ ವೇಷಗಳಲ್ಲಿ ಊರೊಳಗೆ ಬಂದಿದೆ. ಪಶುವೈದ್ಯರು ಹೋರಿಯ ವೀರ್ಯವನ್ನು ಕಾಪಾಡಲು ಬಳಸುವ ದ್ರವಸಾರಜನಕದ ಉಷ್ಣಮಾನ ಮೈನಸ್ 196 ಡಿಗ್ರಿ. ಹೊಗೆಯಾಡುವ ಆ ಪಾತ್ರೆಯೊಳಗೆ ಕುತೂಹಲದಿಂದ ಬೆರಳಿಡುವ ಹುಡುಗನ ಬೆರಳು ಉಳಿಯುವುದು ಸಂದೇಹ. ಐಸ್‌ಕ್ರೀಮನ್ನು ಸಾಗಿಸುವಾಗ ಬಳಸುವ ಶುಷ್ಕ ಮಂಜುಗಡ್ಡೆಯು ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುತ್ತದೆ. ಅದು ನೀರಿನ ಮಂಜುಗಡ್ಡೆಯಲ್ಲ, ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್. ಅಡಿಗೆಯ ಅನಿಲದ ಸಿಲಿಂಡರಿನಿಂದ ದ್ರವರೂಪದ ಅನಿಲ ಚಿಮ್ಮಿದರೆ ಅದು ಆವಿಯಾಗುತ್ತ ಚರ್ಮದ ಕಾವನ್ನು ಕ್ಷಣದಲ್ಲಿ ಹೀರಿಬಿಡುತ್ತದೆ. ಸೋರುವ ಬಾಯಿಯನ್ನು ಬೆರಳಿನಿಂದ ಒತ್ತಿಹಿಡಿಯಲು ಹೋಗಬಾರದು. ಅಲ್ಲಿ ಬೆಂಕಿಯ ಅಪಾಯವು ಚಳಿಯ ಅಪಾಯಕ್ಕಿಂತ ದೊಡ್ಡದಾದುದರಿಂದ ಮೊದಲು ದೂರ ಸರಿಯಬೇಕು. ಈ ಗಾಯಗಳಿಗೂ ಪ್ರಥಮ ಚಿಕಿತ್ಸೆಯು ಸಿಯಾಚಿನ್ನಿನದೇ: ಉಗುರುಬೆಚ್ಚಗಿನ ನೀರು, ಬಳಿಕ ಆಸ್ಪತ್ರೆ. ಚರ್ಮಕ್ಕೆ ಹೆಪ್ಪಾಗಿ ಅಂಟಿದ ಬಟ್ಟೆಯನ್ನು ಎಳೆದು ಕೀಳಬಾರದು. ನೀರಿನಲ್ಲಿಯೇ ಅದು ಬಿಡಿಸಿಕೊಳ್ಳುತ್ತದೆ.

ಇನ್ನು ಆಟದ ಬಯಲಿನ ಮಾತು. ಕಬಡ್ಡಿ, ಖೋಖೋ ಆಡುವಾಗ ಕಾಲು ಉಳುಕಿದರೆ ಮಂಜುಗಡ್ಡೆಯ ತುಂಡನ್ನು ನೇರವಾಗಿ ಪಾದಕ್ಕಿಟ್ಟು ಬಟ್ಟೆಯಿಂದ ಬಿಗಿದು ಕಟ್ಟುವ ರೂಢಿ ಅಲ್ಲಲ್ಲಿ ಇದೆ. ಉಳುಕಿನ ನೋವು ಹೋಯಿತೆಂದು ಆಟಗಾರನು ಅದನ್ನು ಹಾಗೆಯೇ ಬಿಟ್ಟು ಮಲಗುತ್ತಾನೆ. ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಅಲ್ಲಿ ಗುಳ್ಳೆಯೆದ್ದಿರುತ್ತದೆ. ಮಂಜುಗಡ್ಡೆಯನ್ನು ಒದ್ದೆಯಾದ ತೆಳುವಸ್ತ್ರದಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷವಿಟ್ಟು ತೆಗೆಯಬೇಕು. ಚರ್ಮವು ಮತ್ತೆ ಬೆಚ್ಚಗಾಗಿ ಮುಟ್ಟಿದ್ದು ತಿಳಿಯುವವರೆಗೆ ಎರಡನೆಯ ಸಲ ಇಡಬಾರದು.